ಎಂಟು ಕ್ಯಾಮೆರಾ, ಎರಡು ಎಂಬಿಪಿಎಸ್: ಒಂದು ಗೋದಾಮಿನ ಪ್ರಕರಣ

ಒಂದು ದೊಡ್ಡ ಗೋದಾಮು. ಸುತ್ತ ಅಂಗಳ, ಎರಡು ಗೇಟು, ಸಾಮಾನು ಇಳಿಸುವ ಕಟ್ಟೆ. ಎಲ್ಲ ಸೇರಿ ಎಂಟು ಸಿಸಿಟಿವಿ ಕ್ಯಾಮೆರಾ. ಅವನ್ನು ನೋಡುತ್ತಾ ಕೂರುವವರು ಇರುವುದು ದೂರದ ಕಂಟ್ರೋಲ್ ರೂಮಿನಲ್ಲಿ. ನಡುವೆ ಇರುವ ಕೊಂಡಿ ಒಂದೇ ಒಂದು 4ಜಿ ರೂಟರ್. ಅಪ್‌ಲೋಡ್ ಸ್ಪೀಡು ಚೆನ್ನಾಗಿದ್ದಾಗ 3 ಎಂಬಿಪಿಎಸ್ (ಸೆಕೆಂಡಿಗೆ 30 ಲಕ್ಷ ಬಿಟ್) ಸಿಗುತ್ತದೆ, ಸಂಜೆ ಎಲ್ಲರೂ ಫೋನ್ ಹಿಡಿದ ಹೊತ್ತಿಗೆ 2ಕ್ಕೆ ಇಳಿಯುತ್ತದೆ. ಇಂಥ ಜಾಗಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಂದರೆಗಳನ್ನು ಈ ಒಂದೇ ಗೋದಾಮಿನಲ್ಲಿ ಇಟ್ಟು ಹೇಳುತ್ತಿದ್ದೇನೆ. ಲೆಕ್ಕ ಹಾಕಲು ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಾಗಿಸಿದ್ದೇನೆ.

ಕ್ಯಾಮೆರಾ ಕೂರಿಸಿದಾಗ ಎಲ್ಲವೂ ಡೀಫಾಲ್ಟ್ ಸೆಟ್ಟಿಂಗಿನಲ್ಲೇ ಇದ್ದವು. 1080ಪಿ ಅಳತೆಯ ಚಿತ್ರ, ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ವಿಡಿಯೋ ಕುಗ್ಗಿಸುವ ಎಚ್.264 ವಿಧಾನ, ತಲಾ 4 ಎಂಬಿಪಿಎಸ್. ಎಂಟೂ ಸೇರಿ 32. ಎರಡು ಎಂಬಿಪಿಎಸ್ ದಾರಿಯಲ್ಲಿ ಇದು ಹೋಗುವ ಮಾತೇ ಇಲ್ಲ. ಆಗ ಯಾರೋ ಸರಳವಾಗಿ ಭಾಗಾಕಾರ ಮಾಡಿದರು. ಎರಡನ್ನು ಎಂಟರಿಂದ ಭಾಗಿಸಿದರೆ ಕ್ಯಾಮೆರಾಗೆ ಸುಮಾರು 256 ಕೆಬಿಪಿಎಸ್ (ಸೆಕೆಂಡಿಗೆ ಸುಮಾರು ಎರಡೂವರೆ ಲಕ್ಷ ಬಿಟ್) ಬರುತ್ತದೆ. ಎಲ್ಲ ಕ್ಯಾಮೆರಾಗಳ ಬಿಟ್‌ರೇಟನ್ನೂ ಅಷ್ಟಕ್ಕೇ ಇಳಿಸಿದರು. ರೆಸಲ್ಯೂಷನ್ ಮುಟ್ಟಲಿಲ್ಲ, ಫ್ರೇಮ್ ರೇಟೂ ಮುಟ್ಟಲಿಲ್ಲ.

ಹಗಲು ಹೇಗೋ ನಡೆಯಿತು. ರಾತ್ರಿ ಆಗುತ್ತಿದ್ದ ಹಾಗೆ ಚಿತ್ರ ಕಲಸಿದ ಹಾಗಾಗುತ್ತಿತ್ತು, ಆಗಾಗ ನಿಂತೇ ಹೋಗುತ್ತಿತ್ತು. ಹೀಗಿರುವಾಗ ಒಂದು ರಾತ್ರಿ ಯಾವುದೋ ವಾಹನ ಗೇಟಿಗೆ ಗುದ್ದಿ ಹೊರಟುಹೋಯಿತು. ಕಂಟ್ರೋಲ್ ರೂಮಿನಲ್ಲಿ ನಂಬರ್ ಪ್ಲೇಟ್ ಇರಬೇಕಾದ ಕಡೆ ಒಂದು ಬೂದು ಮಚ್ಚೆ ಕಾಣುತ್ತಿತ್ತು. ಸರಿ, ಗೋದಾಮಿನ ರೆಕಾರ್ಡರ್‌ನಲ್ಲಿ ಚೆನ್ನಾಗಿರುವ ಪ್ರತಿ ಇರುತ್ತದೆ ಅಲ್ವಾ ಅಂತ ತೆಗೆದು ನೋಡಿದರೆ ಅಲ್ಲೂ ಅದೇ ಮಚ್ಚೆ. ಯಾಕಂದ್ರೆ ರೆಕಾರ್ಡ್ ಆಗುತ್ತಿದ್ದದ್ದೂ ಅದೇ 256 ಕೆಬಿಪಿಎಸ್ ಸ್ಟ್ರೀಮ್.

ಈ ಪ್ರಕರಣದಲ್ಲಿ ನನಗೆ ಅತ್ಯಂತ ಬೇಸರ ತರಿಸುವ ಸಂಗತಿ ಇದು. ಕ್ಯಾಮೆರಾದಿಂದ ಗೋದಾಮಿನ ರೆಕಾರ್ಡರ್, ಅಂದರೆ ಎನ್‌ವಿಆರ್‌ವರೆಗೆ ಇರುವುದು ನೆಟ್‌ವರ್ಕ್ ಕೇಬಲ್. ಅದರಲ್ಲಿ 100 ಎಂಬಿಪಿಎಸ್ ಆರಾಮಾಗಿ ಹರಿಯುತ್ತದೆ. ಕೊರತೆ ಇದ್ದದ್ದು ಗೋದಾಮಿನಿಂದ ಹೊರಗೆ ಹೋಗುವ ದಾರಿಯಲ್ಲಿ ಮಾತ್ರ. ಆ ಕೊರತೆಯನ್ನು ಒಳಗೂ ಹೇರಿದ್ದರಿಂದ ಒಳ್ಳೆಯ ಚಿತ್ರ ಎಲ್ಲೂ ಉಳಿಯಲಿಲ್ಲ. ರೆಕಾರ್ಡ್ ಮಾಡುವ ಸ್ಟ್ರೀಮ್ ಬೇರೆ, ಹೊರಗೆ ಕಳಿಸುವ ಸ್ಟ್ರೀಮ್ ಬೇರೆ ಇರಬೇಕು. ಈಗಿನ ಬಹುತೇಕ ಐಪಿ ಕ್ಯಾಮೆರಾಗಳಲ್ಲಿ ಇದಕ್ಕೆ ಮೇನ್ ಸ್ಟ್ರೀಮ್, ಸಬ್ ಸ್ಟ್ರೀಮ್ ಅಂತ ಎರಡು ದಾರಿ ಇದ್ದೇ ಇರುತ್ತವೆ. ಇಲ್ಲೂ ಇದ್ದವು. ಬಳಸಿರಲಿಲ್ಲ.

256 ಕೆಬಿಪಿಎಸ್ ಅಂದರೆ ಎಷ್ಟು

1080ಪಿ ಚಿತ್ರದಲ್ಲಿ 1920 ಗುಣಿಸು 1080, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. ಸಾಮಾನ್ಯವಾಗಿ ಬಳಸುವ 4:2:0 ಬಣ್ಣದ ಕ್ರಮದಲ್ಲಿ ಪಿಕ್ಸೆಲ್‌ಗೆ 12 ಬಿಟ್. ಸೆಕೆಂಡಿಗೆ 25 ಫ್ರೇಮ್ ಅಂದರೆ ಕಚ್ಚಾ ವಿಡಿಯೋ 622 ಎಂಬಿಪಿಎಸ್. ಅದನ್ನು 4 ಎಂಬಿಪಿಎಸ್‌ಗೆ ತಂದರೆ ಆಗಲೇ 155 ಪಟ್ಟು ಕುಗ್ಗಿಸಿದ ಹಾಗಾಯಿತು. 256 ಕೆಬಿಪಿಎಸ್ ಅಂದರೆ 2400 ಪಟ್ಟಿಗಿಂತ ಜಾಸ್ತಿ.

ಇನ್ನೂ ಹತ್ತಿರದಿಂದ ನೋಡೋಣ. ಎಚ್.264 ಚಿತ್ರವನ್ನು 16 ಗುಣಿಸು 16 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸುತ್ತದೆ. ಇವಕ್ಕೆ ಮ್ಯಾಕ್ರೋಬ್ಲಾಕ್ ಅನ್ನುತ್ತಾರೆ. 1080ಪಿ ಫ್ರೇಮಿನಲ್ಲಿ ಇಂಥ 8160 ಚೌಕಗಳಿವೆ. 256 ಕೆಬಿಪಿಎಸ್ ಅನ್ನು 25 ಫ್ರೇಮಿಗೆ ಹಂಚಿದರೆ ಫ್ರೇಮಿಗೆ 10,240 ಬಿಟ್. ಅಂದರೆ ಒಂದು ಚೌಕಕ್ಕೆ ಸರಾಸರಿ ಒಂದೂಕಾಲು ಬಿಟ್! 256 ಪಿಕ್ಸೆಲ್‌ಗಳಲ್ಲಿ ಏನು ಬದಲಾಯಿತು ಅಂತ ಒಂದೂಕಾಲು ಬಿಟ್‌ನಲ್ಲಿ ಹೇಳಬೇಕು. ಏನೂ ಅಲುಗಾಡದ ಗೋಡೆಯಾದರೆ "ಹಿಂದಿನದ್ದೇ" ಅಂತ ಹೇಳಿ ಮುಗಿಸಬಹುದು. ಓಡುವ ವಾಹನದ ನಂಬರ್ ಪ್ಲೇಟಾದರೆ ಆಗುವುದಿಲ್ಲ.

ಜೊತೆಗೆ ಐ-ಫ್ರೇಮಿನ ತೊಂದರೆ. ವಿಡಿಯೋದಲ್ಲಿ ಕೆಲವು ಫ್ರೇಮ್‌ಗಳು ಪೂರ್ತಿ ಚಿತ್ರವನ್ನೇ ಹೊತ್ತಿರುತ್ತವೆ, ಅವು ಐ-ಫ್ರೇಮ್. ಉಳಿದವು ಹಿಂದಿನ ಫ್ರೇಮಿಗೂ ಇದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಹೇಳುತ್ತವೆ, ಅವು ಪಿ-ಫ್ರೇಮ್. ಈ ಕ್ಯಾಮೆರಾಗಳಲ್ಲಿ ಸೆಕೆಂಡಿಗೊಂದು ಐ-ಫ್ರೇಮ್ ಬರುತ್ತಿತ್ತು. ಎಂಟು ಬಿಟ್ ಸೇರಿ ಒಂದು ಬೈಟ್, ಹಾಗಾಗಿ 256 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 32 ಕೆಬಿ (ಕಿಲೋಬೈಟ್) ಬಜೆಟ್. ಐ-ಫ್ರೇಮ್ ಎಷ್ಟೇ ಹಿಂಡಿದರೂ 24 ಕೆಬಿ ತಿಂದರೆ ಉಳಿದ 24 ಫ್ರೇಮ್‌ಗಳಿಗೆ ಸೇರಿ 8 ಕೆಬಿ. ಹಾಗಾಗಿ ಪರದೆಯ ಮೇಲೆ ಚಿತ್ರ ಸೆಕೆಂಡಿಗೊಮ್ಮೆ ಸ್ವಲ್ಪ ಚುರುಕಾಗಿ ಮತ್ತೆ ಕರಗುತ್ತಿತ್ತು. ನೋಡುವವರು ಇದನ್ನು ನೆಟ್‌ವರ್ಕ್ ತೊಂದರೆ ಅಂದುಕೊಂಡಿದ್ದರು. ನಿಜವಾಗಿ ಚಿತ್ರ ಕ್ಯಾಮೆರಾ ಒಳಗೇ ಕೆಟ್ಟಿತ್ತು. ಎಫ್‌ಎಫ್‌ಪ್ರೋಬ್ ಅನ್ನುವ ಉಚಿತ ಟೂಲ್‌ನಿಂದ ಪ್ರತಿ ಫ್ರೇಮಿನ ಸೈಜ್ ಸಾಲಾಗಿ ತೆಗೆದರೆ ಇದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಯಾವುದೇ ಸೆಟ್ಟಿಂಗ್ ಮುಟ್ಟುವ ಮೊದಲು ಆ ಪಟ್ಟಿ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ರಾತ್ರಿ ಯಾಕೆ ಜಾಸ್ತಿ ಕೆಡುತ್ತದೆ

ಬೆಳಕು ಕಡಿಮೆಯಾದಾಗ ಕ್ಯಾಮೆರಾ ಗೇನ್ ಏರಿಸುತ್ತದೆ, ಅಂದರೆ ಸಿಕ್ಕ ಅಲ್ಪ ಬೆಳಕಿನ ಸಿಗ್ನಲ್ಲನ್ನೇ ಹಿಗ್ಗಿಸುತ್ತದೆ. ಗೇನ್ ಏರಿದರೆ ಚಿತ್ರದಲ್ಲಿ ಮರಳಿನಂಥ ನಾಯ್ಸ್ ತುಂಬುತ್ತದೆ. ನಮಗೆ ಅದು ಕಿರಿಕಿರಿ ಅಷ್ಟೇ. ವಿಡಿಯೋ ಕುಗ್ಗಿಸುವ ಎನ್‌ಕೋಡರ್‌ಗೆ ಮಾತ್ರ ಪ್ರತಿ ಕಣವೂ ಒಂದು ಹೊಸ ಬದಲಾವಣೆ. ಖಾಲಿ ಅಂಗಳ, ಯಾರೂ ಇಲ್ಲ, ಆದರೂ ಎಂಟು ಸಾವಿರ ಚೌಕಗಳಲ್ಲೂ ಏನೋ ಅಲುಗಾಡುತ್ತಿದೆ ಅಂತ ಅದು ಲೆಕ್ಕ ಹಾಕುತ್ತದೆ. ನಾಯ್ಸ್‌ಗೆ ಹಿಂದು ಮುಂದಿನ ಸಂಬಂಧ ಇಲ್ಲ, ಹಾಗಾಗಿ ಅದನ್ನು ಊಹಿಸಲೂ ಆಗುವುದಿಲ್ಲ, ಕುಗ್ಗಿಸಲೂ ಆಗುವುದಿಲ್ಲ. ಇರುವ ಅಲ್ಪ ಸ್ವಲ್ಪ ಬಿಟ್‌ಗಳೂ ಅಲ್ಲೇ ಖರ್ಚಾಗಿ ಹೋಗುತ್ತವೆ.

ಇದಕ್ಕೆ ಮೊದಲ ಮದ್ದು ಬೆಳಕು. ಗೇಟಿನ ಮೇಲೆ ಒಂದು ಒಳ್ಳೆಯ ದೀಪ ಹಾಕಿದರೆ ಗೇನ್ ಇಳಿಯುತ್ತದೆ, ನಾಯ್ಸ್ ಇಳಿಯುತ್ತದೆ, ಬಿಟ್‌ರೇಟ್ ತಾನಾಗಿ ಇಳಿಯುತ್ತದೆ. ಕೋಡೆಕ್ (ಎಚ್.264ರಂಥ ಕುಗ್ಗಿಸುವ ವಿಧಾನ) ಬದಲಿಸುವುದಕ್ಕಿಂತ ಇದು ಅಗ್ಗ, ಫಲವೂ ಕೂಡಲೇ ಕಾಣುತ್ತದೆ. ಆಮೇಲೆ ಗೇನ್‌ಗೆ ಒಂದು ಮಿತಿ ಹಾಕಬಹುದು. ನಾಯ್ಸ್ ರಿಡಕ್ಷನ್ ಆನ್ ಮಾಡಬಹುದು, ಆದರೆ ಅದನ್ನು ಪೂರ್ತಿ ಏರಿಸಬಾರದು. 3ಡಿ ನಾಯ್ಸ್ ರಿಡಕ್ಷನ್ ಹಲವು ಫ್ರೇಮ್‌ಗಳನ್ನು ಬೆರೆಸಿ ಸರಾಸರಿ ತೆಗೆಯುತ್ತದೆ. ಜಾಸ್ತಿ ಏರಿಸಿದರೆ ನಡೆಯುವ ಮನುಷ್ಯನ ಹಿಂದೆ ನೆರಳಿನಂಥ ಬಾಲ ಬರುತ್ತದೆ. ಷಟರ್ (ಪ್ರತಿ ಫ್ರೇಮಿಗೆ ಬೆಳಕು ಬಿಡುವ ಹೊತ್ತು) ಕೂಡ ಹಾಗೇ. ಬೆಳಕು ಬೇಕು ಅಂತ 1/25 ಸೆಕೆಂಡಿಗೆ ಬಿಟ್ಟರೆ ಖಾಲಿ ಅಂಗಳ ಚೆನ್ನಾಗಿ ಕಾಣುತ್ತದೆ, ಓಡುವ ವಾಹನದ ಅಕ್ಷರ ಅಳಿಸಿಹೋಗುತ್ತದೆ. ಗೇಟ್ ಕ್ಯಾಮೆರಾದಲ್ಲಿ ಷಟರ್ 1/250 ಅಥವಾ ಅದಕ್ಕಿಂತ ವೇಗವಾಗಿರಲಿ, ಕಡಿಮೆಯಾದ ಬೆಳಕನ್ನು ದೀಪದಿಂದ ತುಂಬಿ.

ಇಲ್ಲಿ ಒಂದು ಕ್ಯಾಮೆರಾದ ಮುಂದೆ ಜೇಡರ ಬಲೆ ಇತ್ತು. ಸಣ್ಣ ವಿಷಯ ಅನ್ನಿಸಬಹುದು. ಕ್ಯಾಮೆರಾ ಸುತ್ತ ಇರುವ ಇನ್‌ಫ್ರಾರೆಡ್ ದೀಪದ ಬೆಳಕು ಬಲೆಯ ಮೇಲೆ ಬಿದ್ದು ಇಡೀ ಚಿತ್ರ ಬೆಳ್ಳಗಾಗುತ್ತಿತ್ತು. ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಗಾಳಿಗೆ ಬಲೆ ತೂಗುತ್ತದೆ, ಎನ್‌ಕೋಡರ್ ಅದನ್ನೇ ರಾತ್ರಿಯಿಡೀ ಶ್ರದ್ಧೆಯಿಂದ ಕಳಿಸುತ್ತದೆ. ಬಟ್ಟೆ ತಗೊಂಡು ಒರೆಸಬೇಕು, ಇನ್‌ಫ್ರಾರೆಡ್ ದೀಪವನ್ನು ಆದಷ್ಟು ಕ್ಯಾಮೆರಾದಿಂದ ದೂರ, ಬೇರೆ ಕಂಬಕ್ಕೆ ಹಾಕಬೇಕು. ಇನ್ನೊಂದು ಕ್ಯಾಮೆರಾದಲ್ಲಿ ಕಾಲು ಭಾಗ ಮರದ ಕೊಂಬೆಯೇ ಇತ್ತು. ಅದನ್ನು ಸ್ವಲ್ಪ ತಿರುಗಿಸಿದರೆ ಸಾಕಾಯಿತು.

ಯಾವ ಕ್ಯಾಮೆರಾ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು

ಸಿಸಿಟಿವಿ ವಿನ್ಯಾಸಕ್ಕೆ ಐಇಸಿ 62676-4 ಅನ್ನುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಇದೆ. ಅದರ ಪ್ರಕಾರ ಯಾರೋ ಇದ್ದಾರೆ ಅಂತ ಪತ್ತೆ ಹಚ್ಚಲು ಮೀಟರಿಗೆ 25 ಪಿಕ್ಸೆಲ್ ಸಾಕು. ಗೊತ್ತಿರುವ ವ್ಯಕ್ತಿಯನ್ನು ಗುರುತು ಹಿಡಿಯಲು 125 ಬೇಕು. ಅಪರಿಚಿತನನ್ನು ಇವನೇ ಅಂತ ಖಚಿತವಾಗಿ ಹೇಳಲು 250 ಬೇಕು.

ಗೇಟ್ ಕ್ಯಾಮೆರಾ 20 ಮೀಟರ್ ಅಗಲದ ಜಾಗ ನೋಡುತ್ತಿತ್ತು. 1920 ಪಿಕ್ಸೆಲ್‌ಗಳನ್ನು 20ಕ್ಕೆ ಹಂಚಿದರೆ ಮೀಟರಿಗೆ 96. ಅಂದರೆ 40 ಎಂಬಿಪಿಎಸ್ ಕೊಟ್ಟಿದ್ದರೂ ಅಪರಿಚಿತನ ಮುಖ ಖಚಿತವಾಗುತ್ತಿರಲಿಲ್ಲ! ಲೆನ್ಸ್ ಜೂಮ್ ಮಾಡಿ ಅಗಲವನ್ನು 6 ಮೀಟರಿಗೆ ಇಳಿಸಿದರೆ ಅದೇ ಕ್ಯಾಮೆರಾದಲ್ಲಿ ಮೀಟರಿಗೆ 320 ಪಿಕ್ಸೆಲ್ ಸಿಗುತ್ತವೆ. ಅಗಲ ನೋಟಕ್ಕೆ ಪಕ್ಕದ ಕಂಬದ ಕ್ಯಾಮೆರಾ ಇದ್ದೇ ಇತ್ತು. ಅಂಗಳದ ಮೂಲೆಗಳಲ್ಲಿ ಯಾರೋ ಬಂದರು ಅನ್ನುವುದು ಗೊತ್ತಾದರೆ ಸಾಕು, ಮುಖ ಬೇಕಾಗಿಲ್ಲ. ಎಂಟೂ ಕ್ಯಾಮೆರಾಗೆ ಒಂದೇ ಸೆಟ್ಟಿಂಗ್ ಹಾಕುವುದು ಹಾಕುವವರಿಗೆ ಸುಲಭ, ನೋಡುವವರಿಗೆ ನಷ್ಟ.

ಹೊಸ ವ್ಯವಸ್ಥೆ ಹೀಗಾಯಿತು. ಮೇನ್ ಸ್ಟ್ರೀಮ್ ಎಚ್.265ರಲ್ಲಿ, 1080ಪಿ, ಸೆಕೆಂಡಿಗೆ 15 ಫ್ರೇಮ್. ಬಿಟ್‌ರೇಟ್ ಬೇಕಾದಂತೆ ಏರಿಳಿಯಲಿ, ಆದರೆ 3 ಎಂಬಿಪಿಎಸ್ ದಾಟಬಾರದು. ಇದು ಗೋದಾಮಿನ ಎನ್‌ವಿಆರ್‌ಗೆ ಮಾತ್ರ ಹೋಗುತ್ತದೆ. ಎಚ್.264 ಬಂದದ್ದು 2003ರಲ್ಲಿ, ಎಚ್.265 ಬಂದದ್ದು 2013ರಲ್ಲಿ. ಅದೇ ಗುಣಮಟ್ಟಕ್ಕೆ ಸುಮಾರು ಅರ್ಧ ಬಿಟ್ ಸಾಕು ಅನ್ನುವುದು ಎಚ್.265ರ ಗುರಿ. ಕ್ಯಾಮೆರಾದಲ್ಲಿರುವ ಸಣ್ಣ ಚಿಪ್‌ಗಳಲ್ಲಿ ಲಾಭ ಕೆಲವೊಮ್ಮೆ ಅದಕ್ಕಿಂತ ಕಡಿಮೆ, ಆದರೂ ಒಳ್ಳೆಯದೇ. ಒಂದು ಎಂಬಿಪಿಎಸ್ ಸ್ಟ್ರೀಮ್ ದಿನಕ್ಕೆ 10.8 ಜಿಬಿ ಜಾಗ ಹಿಡಿಯುತ್ತದೆ. ಎಂಟು ಕ್ಯಾಮೆರಾ ಸದಾ 3ರ ಮಿತಿಯಲ್ಲೇ ಓಡಿದರೂ ದಿನಕ್ಕೆ 259 ಜಿಬಿ, ಮೂವತ್ತು ದಿನಕ್ಕೆ ಸುಮಾರು 7.8 ಟಿಬಿ. ಖಾಲಿ ಅಂಗಳದ ಹೊತ್ತೇ ಜಾಸ್ತಿ ಇರುವುದರಿಂದ ನಿಜವಾದ ಬಳಕೆ ಇದಕ್ಕಿಂತ ಕೆಳಗೇ ಇರುತ್ತದೆ.

ಫ್ರೇಮ್ ರೇಟ್ ಬಗ್ಗೆ ಒಂದು ಮಾತು. 25ರಿಂದ 12ಕ್ಕೆ ಇಳಿಸಿದರೆ ಬಿಟ್‌ರೇಟ್ ಅರ್ಧ ಆಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಆಗುವುದಿಲ್ಲ. ಫ್ರೇಮ್‌ಗಳ ನಡುವಿನ ಅಂತರ ಹೆಚ್ಚಾದಾಗ ವ್ಯತ್ಯಾಸವೂ ದೊಡ್ಡದಾಗುತ್ತದೆ, ಪ್ರತಿ ಪಿ-ಫ್ರೇಮ್ ದಪ್ಪಗಾಗುತ್ತದೆ. ಉಳಿತಾಯ ಇದೆ, ಅರ್ಧದಷ್ಟು ಇರುವುದಿಲ್ಲ.

ಸಬ್ ಸ್ಟ್ರೀಮ್ 640 ಗುಣಿಸು 360, ಸೆಕೆಂಡಿಗೆ 8 ಫ್ರೇಮ್, 150 ಕೆಬಿಪಿಎಸ್, ನಾಲ್ಕು ಸೆಕೆಂಡಿಗೊಂದು ಐ-ಫ್ರೇಮ್. ಇದನ್ನು ಎಚ್.264ರಲ್ಲೇ ಇಟ್ಟದ್ದು ಎಲ್ಲ ಬ್ರೌಸರ್‌ಗಳಲ್ಲೂ ತೊಂದರೆಯಿಲ್ಲದೆ ಓಡಲಿ ಅಂತ. ಮೇಲಿನ ಲೆಕ್ಕವನ್ನೇ ಇಲ್ಲಿ ಹಾಕಿ ನೋಡಿ. ಈ ಸೈಜಿನ ಫ್ರೇಮಿನಲ್ಲಿ 920 ಚೌಕ. ಫ್ರೇಮಿಗೆ 18,750 ಬಿಟ್. ಅಂದರೆ ಚೌಕಕ್ಕೆ ಸುಮಾರು 20 ಬಿಟ್. ಮೊದಲು ಒಂದೂಕಾಲು ಇತ್ತು! ಕಳಿಸುವ ಒಟ್ಟು ಡೇಟಾ ಕಡಿಮೆಯಾಗಿದೆ, ಆದರೂ ಪರದೆಯ ಮೇಲಿನ ಎಂಟು ಕಿಟಕಿಗಳಲ್ಲಿ ಚಿತ್ರ ಮೊದಲಿಗಿಂತ ಎಷ್ಟೋ ಸ್ಪಷ್ಟ. ಅಷ್ಟಕ್ಕೂ ಎಂಟು ಕಿಟಕಿ ಒಟ್ಟಿಗೆ ತೋರಿಸುವ ಪರದೆಯಲ್ಲಿ ಒಂದೊಂದು ಕಿಟಕಿಗೆ ಸಿಗುವ ಜಾಗವೇ ಸುಮಾರು ಅಷ್ಟು. ಅಲ್ಲಿಗೆ 1080ಪಿ ಕಳಿಸುವುದು ಸುಮ್ನೆ ವ್ಯರ್ಥ.

ದಾರಿಯಲ್ಲಿ ಏನಾಗುತ್ತದೆ

ಎಂಟು ಸಬ್ ಸ್ಟ್ರೀಮ್ ಸೇರಿ 1.2 ಎಂಬಿಪಿಎಸ್. ಪ್ಯಾಕೆಟ್‌ಗಳ ಹೆಡರ್ (ಡೇಟಾ ಪೊಟ್ಟಣದ ಮೇಲಿನ ವಿಳಾಸ), ವಿಪಿಎನ್ ಅನ್ನುವ ಸುರಕ್ಷಿತ ದಾರಿಯ ಖರ್ಚು ಎಲ್ಲ ಸೇರಿ 1.3 ಅಂತ ಇಟ್ಟುಕೊಳ್ಳೋಣ. ಎರಡು ಎಂಬಿಪಿಎಸ್ ಕೊಂಡಿಯಲ್ಲಿ ಇದು ಆರಾಮಾಗಿ ಹೋಗಬೇಕು. ಆದರೂ ಶುರುವಿನಲ್ಲಿ ಚಿತ್ರ ಆಗಾಗ ತಡವರಿಸುತ್ತಿತ್ತು. ಕಾರಣ ಸರಾಸರಿಯಲ್ಲಿ ಕಾಣುವುದಿಲ್ಲ.

ಕರೆಂಟ್ ಹೋಗಿ ಬಂದಾಗ ಎಂಟೂ ಕ್ಯಾಮೆರಾ ಒಟ್ಟಿಗೆ ಆನ್ ಆಗುತ್ತವೆ. ಎಲ್ಲದರ ಐ-ಫ್ರೇಮ್ ಅಂತರವೂ ಒಂದೇ. ಹಾಗಾಗಿ ಎಂಟೂ ಐ-ಫ್ರೇಮ್‌ಗಳು ಹೆಚ್ಚುಕಡಿಮೆ ಒಂದೇ ಕ್ಷಣಕ್ಕೆ ಹೊರಡುತ್ತಿದ್ದವು, ಸಂತೆ ಮುಗಿದ ಮೇಲೆ ಎಲ್ಲರೂ ಒಂದೇ ಬಸ್ಸಿಗೆ ನುಗ್ಗಿದ ಹಾಗೆ. ಒಂದೊಂದು 15 ಕೆಬಿ ಅಂದರೂ ಎಂಟು ಸೇರಿ 120 ಕೆಬಿ, ಎರಡು ಎಂಬಿಪಿಎಸ್‌ನಲ್ಲಿ ಅದು ದಾಟಲು ಅರ್ಧ ಸೆಕೆಂಡು ಬೇಕು. ಆ ಅರ್ಧ ಸೆಕೆಂಡು ಉಳಿದ ಎಲ್ಲವೂ ಸಾಲಿನಲ್ಲಿ ನಿಲ್ಲುತ್ತವೆ. ಹಳೆಯ ಸೆಟ್ಟಿಂಗಿನಲ್ಲಿ, ದೊಡ್ಡ ಐ-ಫ್ರೇಮ್, ಸೆಕೆಂಡಿಗೊಂದರಂತೆ, ಈ ಸಾಲು ಕರಗುತ್ತಲೇ ಇರಲಿಲ್ಲ. ಕ್ಯಾಮೆರಾಗಳನ್ನು ಸ್ವಲ್ಪ ಹೊತ್ತು ಬಿಟ್ಟು ಒಂದೊಂದಾಗಿ ಆನ್ ಆಗುವಂತೆ ಮಾಡಿ, ಐ-ಫ್ರೇಮ್ ಅಂತರವನ್ನು ಕೆಲವಕ್ಕೆ 30 ಫ್ರೇಮ್, ಕೆಲವಕ್ಕೆ 32, ಕೆಲವಕ್ಕೆ 34 ಅಂತ ಇಟ್ಟ ಮೇಲೆ ಈ ನೂಕುನುಗ್ಗಲು ಚದುರಿತು.

ಎರಡನೆಯದು ಪ್ಯಾಕೆಟ್ ನಷ್ಟ. ಒಂದು ಪ್ಯಾಕೆಟ್‌ನಲ್ಲಿ ಹಿಡಿಸುವುದು 1500 ಬೈಟ್‌ಗಿಂತ ಕಡಿಮೆ. 100 ಕೆಬಿಯ ಐ-ಫ್ರೇಮ್ ಅಂದರೆ ಸುಮಾರು 70 ಪ್ಯಾಕೆಟ್. ನೂರಕ್ಕೆ ಒಂದು ಪ್ಯಾಕೆಟ್ ಕಳೆದುಹೋಗುವ ಕೊಂಡಿಯಲ್ಲಿ ಎಪ್ಪತ್ತೂ ಸರಿಯಾಗಿ ತಲುಪುವ ಸಾಧ್ಯತೆ ಅರ್ಧಕ್ಕರ್ಧ. ಐ-ಫ್ರೇಮ್ ಕೆಟ್ಟರೆ ಮುಂದಿನ ಐ-ಫ್ರೇಮ್ ಬರುವವರೆಗೂ ಚಿತ್ರ ಕೆಟ್ಟೇ ಇರುತ್ತದೆ. 15 ಕೆಬಿಯ ಐ-ಫ್ರೇಮಿಗೆ 11 ಪ್ಯಾಕೆಟ್ ಸಾಕು, ಹತ್ತರಲ್ಲಿ ಒಂಬತ್ತು ಸಲ ಪೂರ್ತಿ ತಲುಪುತ್ತದೆ. ಚಿಕ್ಕ ಚಿತ್ರದ ಈ ಲಾಭವನ್ನು ಯಾರೂ ಹೇಳುವುದೇ ಇಲ್ಲ. 4ಜಿಯಲ್ಲಿ ನಷ್ಟ ಗುಂಪಾಗಿ ಆಗುವುದೇ ಜಾಸ್ತಿ, ಹಾಗಾಗಿ ಈ ಲೆಕ್ಕ ಅಂದಾಜಿನದ್ದು, ಆದರೆ ದಿಕ್ಕು ಸರಿಯಾಗಿದೆ.

ಕಳೆದ ಪ್ಯಾಕೆಟ್‌ಗೆ ಏನು ಮಾಡುವುದು? ಕ್ಯಾಮೆರಾದ ಆರ್‌ಟಿಎಸ್‌ಪಿ (ಲೈವ್ ವಿಡಿಯೋ) ಸ್ಟ್ರೀಮನ್ನು ಯುಡಿಪಿ ಅನ್ನುವ ಕ್ರಮದಲ್ಲಿ ಕಳಿಸಿದರೆ ಕಳೆದದ್ದು ಕಳೆದೇ ಹೋಯಿತು. ಟಿಸಿಪಿ ಅನ್ನುವ ಕ್ರಮದಲ್ಲಿ ಕಳಿಸಿದರೆ ಕಳೆದದ್ದು ಮತ್ತೆ ಬರುವವರೆಗೂ ಹಿಂದಿನವು ಕಾಯುತ್ತವೆ. ಕೊಂಡಿ ಹದಗೆಟ್ಟ ಸಂಜೆ ಈ ಕಾಯುವಿಕೆ ಸೇರುತ್ತಾ ಸೇರುತ್ತಾ ಲೈವ್ ಅನ್ನುವ ಚಿತ್ರ ಎಷ್ಟೋ ಹಿಂದಿನದ್ದಾಗಿಬಿಡುತ್ತದೆ. ಇವೆರಡರ ನಡುವಿನ ದಾರಿ ಎಸ್‌ಆರ್‌ಟಿ, 2017ರಲ್ಲಿ ಓಪನ್ ಸೋರ್ಸ್ ಆದ ಪ್ರೋಟೋಕಾಲ್. ಇಷ್ಟು ಹೊತ್ತಿನೊಳಗೆ ಮತ್ತೆ ಕಳಿಸಲು ಪ್ರಯತ್ನಿಸು, ಆಗದಿದ್ದರೆ ಬಿಟ್ಟು ಮುಂದೆ ಹೋಗು ಅಂತ ಅದಕ್ಕೆ ಹೇಳಬಹುದು. ಇಲ್ಲಿ ಒಂದು ಸೆಕೆಂಡ್ ಕೊಟ್ಟರು. ಕಾವಲಿಗೆ ಒಂದು ಸೆಕೆಂಡ್ ತಡ ಏನೂ ಅಲ್ಲ. ಜಾಯ್‌ಸ್ಟಿಕ್‌ನಿಂದ ತಿರುಗಿಸುವ ಕ್ಯಾಮೆರಾ ಇದ್ದಿದ್ದರೆ ಕಷ್ಟವಾಗುತ್ತಿತ್ತು. ಹೆಚ್ಚಿನ ಕ್ಯಾಮೆರಾಗಳಿಗೆ ಎಸ್‌ಆರ್‌ಟಿ ಬರುವುದಿಲ್ಲ, ಹಾಗಾಗಿ ಗೋದಾಮಿನಲ್ಲಿ ಒಂದು ಚಿಕ್ಕ ಕಂಪ್ಯೂಟರ್ ಇಟ್ಟು ಅದರಿಂದ ಕಳಿಸಬೇಕು. ಅದು ವಿಡಿಯೋವನ್ನು ಮತ್ತೆ ಎನ್‌ಕೋಡ್ ಮಾಡಬಾರದು, ಇದ್ದ ಹಾಗೇ ಬೇರೆ ಪೊಟ್ಟಣಕ್ಕೆ ಹಾಕಿ ಕಳಿಸಿದರೆ ಸಾಕು.

ಅದೇ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಹೊರಹೋಗುವ ವೇಗವನ್ನು 1.7 ಎಂಬಿಪಿಎಸ್‌ಗೆ ಕಟ್ಟಿದರು. ಇರುವ ಎರಡು ಎಂಬಿಪಿಎಸ್‌ನಲ್ಲೂ ಒಂದಿಷ್ಟನ್ನು ಯಾಕೆ ಬಿಟ್ಟುಕೊಡಬೇಕು ಅಂತ ಕಂಟ್ರೋಲ್ ರೂಮಿನವರು ಕೇಳಿದ್ದು ಸಹಜ. ಪೂರ್ತಿ ತುಂಬಿಸಿದರೆ ಸಾಲು 4ಜಿ ಮೋಡೆಮ್ ಒಳಗೆ ಬೆಳೆಯುತ್ತದೆ, ಅಲ್ಲಿ ಯಾರು ಮೊದಲು ಹೋಗಬೇಕು ಅಂತ ನಾವು ಹೇಳಲು ಆಗುವುದಿಲ್ಲ. ಸಾಲು ನಮ್ಮ ಪೆಟ್ಟಿಗೆಯಲ್ಲೇ ಇದ್ದರೆ ಲೈವ್ ಚಿತ್ರಕ್ಕೆ ಮೊದಲ ಜಾಗ, ಕ್ಲಿಪ್‌ಗಳಿಗೆ ಕೊನೆಯ ಜಾಗ ಅಂತ ನಾವೇ ನಿರ್ಧರಿಸಬಹುದು. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ಬೇಕಾದ್ದೆಲ್ಲ ಮೊದಲೇ ಇದೆ.

ಈಗ ಸುಮಾರು 0.4 ಎಂಬಿಪಿಎಸ್ ಉಳಿಯಿತು. ಅದು ಕ್ಲಿಪ್‌ಗಳಿಗೆ. ಗೇಟಿನಲ್ಲಿ ಏನಾದರೂ ನಡೆದರೆ ಎನ್‌ವಿಆರ್‌ನಿಂದ ಹತ್ತು ಸೆಕೆಂಡಿನ ಮೇನ್ ಸ್ಟ್ರೀಮ್ ತುಣುಕು, 3 ಎಂಬಿಪಿಎಸ್ ಲೆಕ್ಕದಲ್ಲಿ 3.75 ಎಂಬಿ, ಹಿಂದಿನಿಂದ ನಿಧಾನಕ್ಕೆ ಹೋಗುತ್ತದೆ. ಒಂದೂಕಾಲು ನಿಮಿಷದಲ್ಲಿ ಪೂರ್ತಿ ಗುಣಮಟ್ಟದ ಚಿತ್ರ ಕಂಟ್ರೋಲ್ ರೂಮಿನಲ್ಲಿರುತ್ತದೆ. ಸಾಕ್ಷಿಗೆ ಬೇಕಾದ ಮೂಲ ಫೈಲ್ ಗೋದಾಮಿನಲ್ಲೇ ಉಳಿಯುತ್ತದೆ. ಕ್ಲಿಪ್ ತೆಗೆದಾಗಲೇ ಅದರ ಎಸ್‌ಎಚ್‌ಎ-256 ಹ್ಯಾಶ್ (ಫೈಲ್ ಸ್ವಲ್ಪ ಬದಲಾದರೂ ಬದಲಾಗುವ, ಬೆರಳಚ್ಚಿನಂಥ ಸಂಖ್ಯೆ) ಬರೆದಿಡುತ್ತಾರೆ, ಆಮೇಲೆ ಯಾರಾದರೂ ತಿದ್ದಿದ್ದೀರಿ ಅಂದರೆ ತೋರಿಸಲು.

ಒಂದು ಕ್ಯಾಮೆರಾವನ್ನು ದೊಡ್ಡದಾಗಿ ಲೈವ್ ನೋಡಬೇಕು ಅಂದಾಗ ಮೂರನೇ ಸ್ಟ್ರೀಮ್ ಬರುತ್ತದೆ: 720ಪಿ, ಸೆಕೆಂಡಿಗೆ 10 ಫ್ರೇಮ್, 700 ಕೆಬಿಪಿಎಸ್. ಆ ಹೊತ್ತು ಉಳಿದ ಏಳೂ 100ಕ್ಕೆ ಇಳಿಯುತ್ತವೆ. ಮುಗಿದ ಮೇಲೆ ಮೊದಲಿನಂತೆ. ಕೊಂಡಿಯೇ ಒಂದು ಎಂಬಿಪಿಎಸ್‌ಗೆ ಕುಸಿದರೆ ಮೊದಲು ಅಂಗಳದ ಕ್ಯಾಮೆರಾಗಳ ಫ್ರೇಮ್ ರೇಟ್ ಕಡಿಮೆಯಾಗುತ್ತದೆ, ಆಮೇಲೆ ಅವು ಎರಡು ಸೆಕೆಂಡಿಗೊಂದು ಫೋಟೋ ಆಗುತ್ತವೆ. ಗೇಟನ್ನು ಕೊನೆಯವರೆಗೂ ಮುಟ್ಟುವುದಿಲ್ಲ. ಕೊಂಡಿ ಪೂರ್ತಿ ಕಡಿದರೂ ರೆಕಾರ್ಡಿಂಗ್ ನಿಲ್ಲುವುದಿಲ್ಲ.

ಬಾಕಿ ಉಳಿದದ್ದು

ಕಂಟ್ರೋಲ್ ರೂಮಿನವರಿಗೆ 8 ಫ್ರೇಮ್ ಮೊದಲು ಹಿಡಿಸಲಿಲ್ಲ. ಜನ ಜಿಗಿದು ಜಿಗಿದು ನಡೆದ ಹಾಗೆ ಕಾಣುತ್ತಾರೆ ಅಂದರು. ನಿಜ. ಆದರೆ ಗೇಟಿನಲ್ಲಿ ವಾಹನ ಹಾದುಹೋಗುವುದನ್ನು ಹಳೆಯ, ಹೊಸ ಎರಡೂ ಸೆಟ್ಟಿಂಗಿನಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿದಾಗ ಆಯ್ಕೆ ಅವರೇ ಮಾಡಿದರು. ಇಂಥ ನಿರ್ಧಾರವನ್ನು ನೋಡುವವರ ಕೈಗೇ ಕೊಡಬೇಕು, ಎಂಜಿನಿಯರ್ ಒಬ್ಬನೇ ಕೂತು ಮಾಡುವಂಥದ್ದಲ್ಲ.

ಕ್ಯಾಮೆರಾ ಕಂಪನಿಗಳ ಸ್ಮಾರ್ಟ್ ಕೋಡೆಕ್ ಆಯ್ಕೆಗಳನ್ನು ಇಲ್ಲಿ ಮೇನ್ ಸ್ಟ್ರೀಮ್‌ನಲ್ಲಿ ಆನ್ ಮಾಡಲಿಲ್ಲ. ಅವು ಏನೂ ನಡೆಯದಾಗ ಐ-ಫ್ರೇಮ್ ಅಂತರವನ್ನು ತುಂಬಾ ಉದ್ದ ಮಾಡುತ್ತವೆ, ಉಳಿತಾಯ ಚೆನ್ನಾಗಿಯೇ ಇರುತ್ತದೆ. ಆದರೆ ರೆಕಾರ್ಡಿಂಗಿನಲ್ಲಿ ಬೇಕಾದ ಕ್ಷಣಕ್ಕೆ ನೇರ ಹಾರುವುದು ನಿಧಾನವಾಗುತ್ತದೆ, ಬೇರೆ ಕಂಪನಿಯ ಎನ್‌ವಿಆರ್ ಇದ್ದರೆ ಕೆಲವೊಮ್ಮೆ ಪ್ಲೇ ಆಗುವಾಗ ತೊಡರುತ್ತದೆ. ಒಂದೇ ಕಂಪನಿಯ ಸಾಮಾನು ಇದ್ದು, ಪರೀಕ್ಷೆ ಮಾಡಿ ನೋಡಿದ್ದರೆ ಧೈರ್ಯವಾಗಿ ಬಳಸಿ. ಎವಿ1 ಅನ್ನುವ ಇನ್ನೂ ಹೊಸ ಕೋಡೆಕ್ ಕೆಲವು ಹೊಸ ಕ್ಯಾಮೆರಾಗಳಲ್ಲಿ ಬರಲು ಶುರುವಾಗಿದೆ, ಆದರೆ ಇರುವ ಎಂಟನ್ನು ಅದಕ್ಕಾಗಿ ಬದಲಿಸುವ ಅಗತ್ಯ ಇಲ್ಲಿ ನನಗೆ ಕಾಣಲಿಲ್ಲ.

ಇನ್ನೂ ಪೂರ್ತಿ ಬಗೆಹರಿಯದಿರುವುದು ಜೋರು ಮಳೆಯ ರಾತ್ರಿ. ಇನ್‌ಫ್ರಾರೆಡ್ ಬೆಳಕಿನಲ್ಲಿ ಪ್ರತಿ ಹನಿಯೂ ಬೆಳ್ಳನೆ ಗೀಟಾಗುತ್ತದೆ, ಎಲ್ಲ ಹೊರಗಿನ ಕ್ಯಾಮೆರಾಗಳೂ ಒಟ್ಟಿಗೆ ಬಿಟ್‌ರೇಟ್ ಮಿತಿಗೆ ತಾಗುತ್ತವೆ, ಸಬ್ ಸ್ಟ್ರೀಮ್ ಮಂಕಾಗುತ್ತದೆ. ಸದ್ಯಕ್ಕೆ ಅಂಥ ಹೊತ್ತಿನಲ್ಲಿ ಅಂಗಳದ ನಾಲ್ಕು ಕ್ಯಾಮೆರಾಗಳನ್ನು ಸೆಕೆಂಡಿಗೆ 2 ಫ್ರೇಮಿಗೆ ಇಳಿಸಿ, ಉಳಿದ ಬಿಟ್‌ಗಳನ್ನು ಎರಡು ಗೇಟುಗಳಿಗೆ ಕೊಡುತ್ತಿದ್ದಾರೆ. ಕಂಬದಿಂದ ಅಡ್ಡಲಾಗಿ ಬೆಳಕು ಬೀಳುವಂತೆ ಎರಡನೇ ಗೇಟಿಗೂ ಪ್ರತ್ಯೇಕ ದೀಪ ಹಾಕುವ ಕೆಲಸ ಬಾಕಿ ಇದೆ.